ನೆತ್ತಿಯಿಂದ ಅಂಗೈಗೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಕಡೆಯ ಮನೆಗಳಲ್ಲಿ ಕೂಸಿಗೆ ಎರೆಯುವ ಮುನ್ನ ಅಜ್ಜಿಯು ಅದರ ನೆತ್ತಿಗೆ ಮೆಲ್ಲನೆ ಎಣ್ಣೆಯೊತ್ತುವುದನ್ನು ನೋಡದವರಾರು? ಅಲ್ಲಿ ಬೆರಳಿಗೆ ಎಲುಬು ತಾಗದು. ಮೆತ್ತನೆಯ ಪೊರೆಯೊಂದು ನಾಡಿಯೊಡನೆ ಮಿಡಿಯುತ್ತಿರುವುದು. ಸಾಮಾನ್ಯವಾಗಿ ಒಂದೂವರೆ ವರುಷದ ಹೊತ್ತಿಗೆ ಈ ಎಡೆಯು ಮುಚ್ಚಿಕೊಳ್ಳುವುದೆಂದು ವೈದ್ಯರು ಹೇಳುವರು. ಯೋಗಿಗಳಾದರೋ ನೆತ್ತಿಯ ಈ ನೆಲೆಯನ್ನೇ ಬ್ರಹ್ಮರಂಧ್ರವೆಂದು ಕರೆದು, ಅಲ್ಲಿ ಸಾವಿರ ದಳಗಳ ಸಹಸ್ರಾರ ಕಮಲವನ್ನು ಭಾವಿಸಿದರು.

ಈ ವಿಷಯವನ್ನು ಕ್ರಮವಾಗಿ ನಿರೂಪಿಸುವ ಗ್ರಂಥಗಳಲ್ಲಿ ಪೂರ್ಣಾನಂದ ಯತಿಗಳು 1577ರಲ್ಲಿ ರಚಿಸಿದ 'ಷಟ್ಚಕ್ರನಿರೂಪಣ'ವು ಪ್ರಸಿದ್ಧವಾದುದು. ಮೂಲಾಧಾರಕ್ಕೆ 4, ಸ್ವಾಧಿಷ್ಠಾನಕ್ಕೆ 6, ಮಣಿಪೂರಕಕ್ಕೆ 10, ಅನಾಹತಕ್ಕೆ 12, ವಿಶುದ್ಧಿಗೆ 16, ಆಜ್ಞೆಗೆ 2 ದಳಗಳು; ಕೂಡಿದರೆ 50. ಇವು ವರ್ಣಮಾಲೆಯ 50 ಅಕ್ಷರಗಳು. ಅವೇ ಇಪ್ಪತ್ತು ಸಲ ಆವರ್ತಿಸಿದರೆ ಸಾವಿರ. ನುಡಿಯೆಲ್ಲವೂ ಒಂದೆಡೆ ಸೇರಿ ಮೌನವಾಗುವ ತಾಣವೇ ಸಹಸ್ರಾರವೆಂಬುದು ಇದರ ಇಂಗಿತ. ಶರೀರವನ್ನು ಕೊಯ್ದು ನೋಡಿದರೆ ಈ ಕಮಲಗಳು ದೊರೆಯವು. ಇವು ಧ್ಯಾನದ ಆಧಾರಗಳೆಂದು ತಿಳಿಯತಕ್ಕದ್ದು.

ಹಾಗಾದರೆ ಸಂಸಾರಿಗಳಾದ ನಮಗೆ ಇದರಿಂದೇನು? ಮನೆಯ ಭಾರ ಹೊತ್ತವನು ಗುಹೆಯನ್ನು ಸೇರಬೇಕೆ? ಈ ಪ್ರಶ್ನೆಗೆ ನಮ್ಮ ನಾಡಿನ ವೀರಶೈವ ಸಂಪ್ರದಾಯವು ಮನೋಹರವಾದ ಉತ್ತರವನ್ನಿತ್ತಿದೆ. ದೀಕ್ಷೆಯ ಕಾಲದಲ್ಲಿ ಗುರುವು ಶಿಷ್ಯನ ನೆತ್ತಿಯ ಮೇಲೆ ಕೈಯಿರಿಸಿ, ಅಲ್ಲಿ ಅಡಗಿರುವ ಚಿತ್ಕಳೆಯನ್ನು ಇಷ್ಟಲಿಂಗದಲ್ಲಿ ನೆಲೆಗೊಳಿಸಿ, ಆ ಲಿಂಗವನ್ನು ಅಂಗೈಯಲ್ಲಿ ಇಡುವನೆಂದು ಆ ಶಾಸ್ತ್ರವು ಹೇಳುತ್ತದೆ. ನೆತ್ತಿಯಲ್ಲಿದ್ದು ಕಾಣದಿದ್ದುದು ಕೈಗೆ ಬಂದಿತು! ಎಡ ಅಂಗೈಯಲ್ಲಿ ಲಿಂಗವನ್ನಿರಿಸಿ ದೃಷ್ಟಿಯನ್ನು ನಿಲಿಸುವುದೇ ಶಿವಯೋಗದ ಮೊದಲ ಮೆಟ್ಟಿಲು. ಇದಕ್ಕೆ ಹೆಣ್ಣುಗಂಡೆಂಬ ಭೇದವಿಲ್ಲ. ಒಲೆ ಹೊತ್ತಿಸುವ ಮುನ್ನ ತಾಯಿಯೂ, ಹೊಲಕ್ಕೆ ಹೊರಡುವ ಮುನ್ನ ತಂದೆಯೂ ಇದನ್ನು ಆಚರಿಸಬಹುದು.

ಕೈಗೆ ಬಂದ ಬೆಳಕು ಅಲ್ಲಿಯೇ ನಿಲ್ಲಬಾರದೆಂಬುದಕ್ಕೆ ಈ ಸೀಮೆಯವರೇ ಆದ ಮಹನೀಯರೊಬ್ಬರ ಚರಿತ್ರೆಯು ಸಾಕ್ಷಿ. ರಾಣೇಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಎಳಂದೂರಿನ ಬಸವಲಿಂಗ ಸ್ವಾಮಿಗಳಲ್ಲಿ ಶಿವಯೋಗವನ್ನು ಅಭ್ಯಸಿಸಿದರು. ಏಕಾಂತದ ಸುಖವನ್ನೇ ಬಯಸಿದ್ದರೆ ಅವರನ್ನು ತಡೆಯುವವರಿರಲಿಲ್ಲ. ಆದರೆ ಅವರು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅಲ್ಲಿ ವಟುಗಳಿಗೆ ಯೋಗದೊಡನೆ ಶಾಸ್ತ್ರಪಾಠವೂ ನಡೆಯಿತು; ಗೋಶಾಲೆಯೂ ವಿಭೂತಿ ತಯಾರಿಕೆಯೂ ಬೆಳೆದವು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ, ಕಣ್ಣು ಕಾಣದ ಬಾಲಕನೊಬ್ಬನ ಕಂಠವನ್ನು ಗುರುತಿಸಿ ಅವನಿಗೆ ಸಂಗೀತ ಕಲಿಯಲು ಏರ್ಪಾಡು ಮಾಡಿದವರೂ ಅವರೇ. ಆ ಬಾಲಕನು ಪಂಚಾಕ್ಷರಿ ಗವಾಯಿಗಳಾಗಿ, ತನ್ನಂತೆಯೇ ಅಂಧರೂ ಅನಾಥರೂ ಆದ ಎಷ್ಟೋ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ನೀಡಿದನು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಅದರ ಫಲ. ಕುಮಾರಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು. ಅವರು ಹಚ್ಚಿದ ದೀಪದಿಂದ ಮತ್ತೊಂದು, ಅದರಿಂದ ಮಗುದೊಂದು ಹೊತ್ತಿಕೊಂಡಿತು.

ಇತ್ತೀಚೆಗೆ ಕೆಲವರು ಪುಸ್ತಕವನ್ನಷ್ಟೇ ಓದಿ, ಕುಂಡಲಿನಿಯನ್ನು ಬೇಗನೆ ನೆತ್ತಿಗೇರಿಸುವೆವೆಂದು ಉಸಿರನ್ನು ಬಲವಂತದಿಂದ ಬಿಗಿಹಿಡಿಯುವುದುಂಟು. ತಲೆ ಸುತ್ತಿದರೆ, ನಿದ್ದೆ ಕೆಟ್ಟರೆ, ಅದನ್ನೇ ಜಾಗೃತಿಯೆಂದು ಭ್ರಮಿಸುವರು. ಇದು ಸಲ್ಲದು. ಅಂತಹ ತೊಂದರೆ ಕಂಡೊಡನೆ ಅಭ್ಯಾಸವನ್ನು ನಿಲ್ಲಿಸಿ ವೈದ್ಯರಲ್ಲಿ ತೋರಿಸಿಕೊಳ್ಳಬೇಕು; ಮುಂದಿನ ಸಾಧನೆಯು ಅನುಭವಿಗಳಾದ ಗುರುಗಳ ಎದುರಿನಲ್ಲಿಯೇ ನಡೆಯಬೇಕು.

ಪ್ರಿಯ ವಾಚಕರೇ, ನೆತ್ತಿಯ ಕಮಲವು ಅರಳಿತೋ ಇಲ್ಲವೋ ಎಂಬುದನ್ನು ಕಣ್ಣು ಮುಚ್ಚಿದಾಗ ತೋರುವ ಬಣ್ಣಗಳಿಂದ ಅಳೆಯಬೇಡಿರಿ. ಧ್ಯಾನದಿಂದೆದ್ದ ಬಳಿಕ ಮನೆಯವರೊಡನೆ ಆಡುವ ಮಾತು ಮೆದುವಾಯಿತೇ, ಬಾಗಿಲಿಗೆ ಬಂದವರಿಗೆ ಕೈ ನೀಡಿತೇ ಎಂದು ನೋಡಿಕೊಳ್ಳಿರಿ. ಕೂಸಿನ ನೆತ್ತಿಗೆ ಎಣ್ಣೆಯೊತ್ತುವ ಅಜ್ಜಿಯ ಅಂಗೈಯಲ್ಲಿ ಆ ಬೆಳಕು ಆಗಲೇ ಇಳಿದಿರಲೂಬಹುದು.