ರಂಗದ ಕಣ್ಣೀರು, ಅಂಗಳದ ಕಣ್ಣೀರು

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಜಯನಗರಕ್ಕೂ ಕೆಂಗೇರಿಗೂ ನಡುವೆ ಹರಡಿರುವ ಜ್ಞಾನಭಾರತಿಯ ಆಸುಪಾಸಿನಲ್ಲಿ, ಮನುಷ್ಯನ ದೇಹವನ್ನು ಬೇರೆ ಬೇರೆ ಉದ್ದೇಶಗಳಿಗಾಗಿ ಪಳಗಿಸುವ ಎರಡು ಸಂಸ್ಥೆಗಳು ನೆರೆಹೊರೆಯಲ್ಲಿವೆ. ರಾಷ್ಟ್ರೀಯ ಹಾಕಿ ತಂಡಗಳ ಶಿಬಿರಗಳಿಗೆ ನೆಲೆಯಾದ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ ಒಂದು. ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿರುವ ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇನ್ನೊಂದು. ಒಂದೇ ಚಲನೆಯನ್ನು ಸಾಕುಸಾಕೆನ್ನುವಷ್ಟು ಬಾರಿ ಮಾಡಿ, ಯೋಚನೆಗಿಂತ ಮೊದಲು ಮೈಯೇ ಉತ್ತರಿಸುವಂತೆ ಮಾಡಿಕೊಳ್ಳುವುದು ಎರಡೂ ಕಡೆಯ ಸಾಧನೆಯ ತಿರುಳು. ಕಲೆಯೂ ಕ್ರೀಡೆಯೂ ಬೇರೆಯಾಗುವ ಜಾಗವನ್ನು ಕಾಣಬೇಕಾದರೆ ನೋಡುವವರ ಕಡೆಗೆ ತಿರುಗಬೇಕು.

ಭರತನ ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ. ಮನಸ್ಸು ಒಂದರಲ್ಲಿ ನೆಟ್ಟಾಗ ಮೈಯಲ್ಲಿ ಮೂಡುವ ಲಕ್ಷಣಗಳಿವು: ಸ್ತಬ್ಧವಾಗುವುದು, ಬೆವರುವುದು, ರೋಮಾಂಚ, ದನಿ ಒಡೆಯುವುದು, ನಡುಕ, ಮುಖದ ಬಣ್ಣಗೆಡುವುದು, ಕಣ್ಣೀರು, ಎಚ್ಚರ ತಪ್ಪುವುದು. ನಟನೆಗಾಗಿ ಹೇಳಿದ ಈ ಲಕ್ಷಣಗಳಲ್ಲಿ ಹಲವನ್ನು 2021ರ ಆಗಸ್ಟ್ 5ರಂದು ಟಿ.ವಿ.ಯ ಮುಂದೆ ಕುಳಿತವರು ತಮ್ಮ ಮೈಯಲ್ಲೇ ಕಂಡುಕೊಂಡರು. ಟೋಕಿಯೊ ಒಲಿಂಪಿಕ್ಸ್‌ನ ಕಂಚಿನ ಪಂದ್ಯದಲ್ಲಿ 1-3ರಿಂದ ಹಿಂದೆ ಬಿದ್ದಿದ್ದ ಭಾರತದ ಪುರುಷರ ಹಾಕಿ ತಂಡ ಜರ್ಮನಿಯ ಮೇಲೆ 5-4ರ ಮುನ್ನಡೆ ಪಡೆದು ನಿಂತಿದ್ದಾಗ, ಮುಗಿಯಲು ಆರೇಳು ಸೆಕೆಂಡು ಇರುವಂತೆ ಜರ್ಮನಿಗೆ ಪೆನಾಲ್ಟಿ ಕಾರ್ನರ್ ದೊರೆಯಿತು. ಗೋಲ್‌ಕೀಪರ್ ಸೇರಿ ಐವರಷ್ಟೇ ಗೋಲಿನ ಗೆರೆಯ ಹಿಂದಿನಿಂದ ಓಡಿಬಂದು ಎದುರಾಳಿಯ ಹೊಡೆತವನ್ನು ತಡೆಯಬೇಕಾದ ಘಟ್ಟವಿದು. ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ತಡೆದರು, 1980ರ ಮಾಸ್ಕೊ ಚಿನ್ನದ 41 ವರ್ಷಗಳ ನಂತರ ಹಾಕಿಯ ಪದಕ ಬಂತು.

ಭಟ್ಟನಾಯಕನು ಮಂಡಿಸಿ ಅಭಿನವಗುಪ್ತನು ಬೆಳೆಸಿದ ಸಾಧಾರಣೀಕರಣವೆಂಬ ತತ್ತ್ವ ಇಲ್ಲಿ ನೆರವಿಗೆ ಬರುತ್ತದೆ. ಭಾವವು 'ನನ್ನದು', 'ಅವನದು' ಎಂಬ ಒಡೆತನವನ್ನು ಕಳಚಿಕೊಂಡಾಗ ಮಾತ್ರ ರಸವಾಗುತ್ತದೆ ಎಂಬುದು ಅದರ ಸಾರ. ರಂಗದ ಮೇಲೆ ಮಡಿದ ಮಗ ಲೋಹಿತಾಶ್ವನ ಮುಂದೆ ಚಂದ್ರಮತಿ ಅಳುವಾಗ ಆ ದುಃಖಕ್ಕೆ ಒಡೆಯರಿಲ್ಲ. ಆದ್ದರಿಂದಲೇ ಕತೆ ಗೊತ್ತಿದ್ದೂ ಜನ ದುಡ್ಡು ಕೊಟ್ಟು ಮತ್ತೆ ಅಳಲು ಬರುತ್ತಾರೆ. ಪಂದ್ಯದಲ್ಲಾದರೋ ಮನೆಯಲ್ಲಿ ಕುಳಿತವರೂ 'ನಾವು ಗೆದ್ದೆವು' ಎನ್ನುತ್ತಾರೆ, ಸೋತ ಜರ್ಮನ್ನರ ಸಂಕಟ ಅವರನ್ನು ಅಷ್ಟಾಗಿ ಮುಟ್ಟುವುದಿಲ್ಲ. ಈ ಪಕ್ಷಪಾತವನ್ನು ಹೀಗಳೆಯಬೇಕಾಗಿಲ್ಲ, ಏಕೆಂದರೆ ಯಾರ ಪರವಾಗಿಯೂ ಮಿಡಿಯದ ಮನಸ್ಸಿಗೆ ಆಟದ ಬಿಸಿ ತಾಗುವುದೇ ಇಲ್ಲ. ಆದರೆ ಅದು ಎಲ್ಲಿಗೆ ಇಳಿಯಬಲ್ಲದೆಂಬುದನ್ನೂ ಅದೇ ವಾರ ದೇಶ ಕಂಡಿತು.

2020ರ ಲಾಕ್‌ಡೌನ್‌ನಲ್ಲಿ ಪುರುಷರ ತಂಡದಂತೆ ಮಹಿಳಾ ತಂಡವೂ ತಿಂಗಳುಗಟ್ಟಲೆ ಉಳಿದದ್ದು ಬೆಂಗಳೂರಿನ ಇದೇ ಕ್ರೀಡಾ ಪ್ರಾಧಿಕಾರದ ಕೇಂದ್ರದೊಳಗೆ. ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೆಮಿಫೈನಲ್ ತಲುಪಿದ ಆ ತಂಡ ಆಗಸ್ಟ್ 4ರಂದು ಅರ್ಜೆಂಟೀನಾಗೆ ಸೋತಾಗ, ಆಟಗಾರ್ತಿ ವಂದನಾ ಕಟಾರಿಯಾ ಅವರ ಹರಿದ್ವಾರದ ಮನೆಯ ಮುಂದೆ ಜಾತಿನಿಂದನೆ ನಡೆಯಿತೆಂದು ಪೊಲೀಸ್ ಪ್ರಕರಣ ದಾಖಲಾಯಿತು. ಎರಡೇ ದಿನಗಳ ಬಳಿಕ ಬ್ರಿಟನ್ ವಿರುದ್ಧ 0-2ರಿಂದ ಮೇಲೆದ್ದ ತಂಡಕ್ಕೆ 3-2ರ ಮುನ್ನಡೆ ತಂದ ಗೋಲು ವಂದನಾ ಅವರದೇ. ಪಂದ್ಯ 3-4ರಿಂದ ಕೈತಪ್ಪಿತು, ಪದಕ ಬರಲಿಲ್ಲ. ಆದರೂ ಆ ಬೆಳಿಗ್ಗೆ ಅತ್ತ ಆಟಗಾರ್ತಿಯರೊಂದಿಗೆ ಅತ್ತವರಲ್ಲಿ ಅನೇಕರು ಗೆಲುವಿನ ಲೆಕ್ಕವನ್ನು ಮರೆತು, ಅವರ ಆಟವೊಂದನ್ನೇ ಕಂಡು ಅತ್ತರು.