ಹಗುರ ಹೊರೆ, ಎತ್ತರದ ಗಾಡಿ

ಗುಂಡ್ಲುಪೇಟೆಯಿಂದ ಉದಕಮಂಡಲದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡು ಆರಂಭವಾಗುವುದಕ್ಕೆ ಮೊದಲು ಹಂಗಳ ಗ್ರಾಮವು ಸಿಗುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಇಲ್ಲಿಯೇ ಬಲಕ್ಕೆ ಹೊರಳುತ್ತಾರೆ. ಈ ಸೀಮೆಯಲ್ಲಿ ಚೆಂಡುಹೂವಿನ ಕೊಯ್ಲಿನ ಕಾಲಕ್ಕೆ ಹೂವಿನ ಮೂಟೆಗಳು ವಾಹನದ ಪಕ್ಕದ ಹಲಗೆಗಳನ್ನು ಮೀರಿ ಗೋಪುರದಂತೆ ನಿಲ್ಲುತ್ತವೆ. ನೋಡುವವರಿಗೆ ಹೊರೆಯು ಬೆಟ್ಟದಂತೆ ಕಂಡರೂ ಅದರ ತೂಕ ಅಷ್ಟಿರುವುದಿಲ್ಲ. ಒಣಹುಲ್ಲು, ತೆಂಗಿನ ಸಿಪ್ಪೆ, ಕಾರ್ಖಾನೆಯ ಬಾಯ್ಲರಿಗೆ ಹೋಗುವ ಮರದ ಚಕ್ಕೆ, ಇವೂ ಅದೇ ಜಾತಿಯವು.

ಮೂಟೆಯನ್ನೂ ಹುಲ್ಲಿನ ಹೊರೆಯನ್ನೂ ಹಗ್ಗದಿಂದ ಬಿಗಿಯಬಹುದು. ಚಕ್ಕೆಯನ್ನು ಬಿಗಿಯಲಾಗದು, ಅದಕ್ಕೆ ಗೋಡೆಯೇ ಬೇಕು. ಎತ್ತಿನ ಗಾಡಿಯ ಕಾಲದಲ್ಲಿ ರೈತನು ಗೂಟಗಳನ್ನು ನಿಲ್ಲಿಸಿ ಬಿದಿರಿನ ತಟ್ಟಿ ಕಟ್ಟುತ್ತಿದ್ದನು. ಇಂದು ಟ್ರ್ಯಾಕ್ಟರಿನ ಟ್ರೇಲರಿಗೆ ಕಬ್ಬಿಣದ ಚೌಕಟ್ಟನ್ನು ಕೂರಿಸುತ್ತಾರೆ. ಉಪಾಯ ಹಳೆಯದೇ.

ಇದರ ಲೆಕ್ಕ ಸುಲಭವಾದುದು. 3 ಮೀಟರ್ ಉದ್ದ, 1.8 ಮೀಟರ್ ಅಗಲ, 0.6 ಮೀಟರ್ ಎತ್ತರದ ತೊಟ್ಟಿಯಲ್ಲಿ 3.24 ಘನಮೀಟರ್ ಹಿಡಿಯುತ್ತದೆ. ಒಂದು ಘನಮೀಟರ್ ಒಣಚಕ್ಕೆಯ ತೂಕ ಸುಮಾರು 250 ಕಿಲೋಗ್ರಾಂ ಎಂದಿಟ್ಟುಕೊಂಡರೆ ತೊಟ್ಟಿ ತುಂಬಿದರೂ 810 ಕಿಲೋಗ್ರಾಂ ಮಾತ್ರ. ಮೂರು ಟನ್ ಹೊರಬಲ್ಲ ಗಾಡಿ ಹೀಗೆ ಮುಕ್ಕಾಲು ಪಾಲು ಬರಿದಾಗಿಯೇ ಓಡುತ್ತದೆ; ಡೀಸೆಲಿನ ಖರ್ಚು ಮಾತ್ರ ಕಡಿಮೆಯಾಗುವುದಿಲ್ಲ. ಪಕ್ಕಗಳನ್ನು 0.9 ಮೀಟರ್ ಏರಿಸಿದರೆ 8.1 ಘನಮೀಟರ್ ಹಿಡಿದು, ತೂಕ ಎರಡು ಟನ್ನಿನ ಆಸುಪಾಸಿಗೆ ಬರುತ್ತದೆ.

ಆದರೆ ಹಲಗೆ ಏರಿದ ಮಾತ್ರಕ್ಕೆ ಅಚ್ಚಿನ ಬಲ ಏರುವುದಿಲ್ಲ. ಅದೇ ಎತ್ತರಕ್ಕೆ ಮರಳು ತುಂಬಿದರೆ ತೂಕ ಹನ್ನೆರಡು ಟನ್ನನ್ನು ಮೀರುತ್ತದೆ. ಅಷ್ಟು ದೂರವೇಕೆ? ಮಳೆಯಲ್ಲಿ ನೆನೆದ ಚಕ್ಕೆಯೇ ಒಣಚಕ್ಕೆಯ ಎರಡರಷ್ಟು ತೂಗಬಲ್ಲದು. ನಿನ್ನೆ ಸರಿಯಾಗಿದ್ದ ಹೊರೆ ಇಂದು ಅತಿಯಾಗಿರುತ್ತದೆ, ಕಣ್ಣಿಗೆ ಮಾತ್ರ ಅದು ನಿನ್ನೆಯಷ್ಟೇ!

ಹೊರೆಯನ್ನು ಸುರಿಯುವ ಗಳಿಗೆ ಇನ್ನೂ ಸೂಕ್ಷ್ಮವಾದುದು. ಹೈಡ್ರಾಲಿಕ್ ಜಾಕ್ ತೊಟ್ಟಿಯ ಮುಂಭಾಗವನ್ನು ಎತ್ತಿದಂತೆ ಹೊರೆಯ ಗುರುತ್ವಕೇಂದ್ರವೂ ಮೇಲೇರುತ್ತದೆ. ಮರಳು ಬೇಗನೆ ಜಾರಿಹೋಗುತ್ತದೆ. ಚಕ್ಕೆಗಳು ಒಂದಕ್ಕೊಂದು ಹೆಣೆದುಕೊಂಡು ಮೇಲೆಯೇ ನಿಲ್ಲುತ್ತವೆ. ಆಗ ಒಂದು ಚಕ್ರ ತಗ್ಗಿನಲ್ಲಿದ್ದರೆ ಗಾಡಿ ಪಕ್ಕಕ್ಕೆ ಮಗುಚುವುದಕ್ಕೆ ಹೆಚ್ಚು ಹೊತ್ತು ಬೇಡ. ಆದುದರಿಂದ ಅನುಭವಸ್ಥನಾದ ಚಾಲಕನು ಸಮನೆಲವನ್ನು ಹುಡುಕುತ್ತಾನೆ, ಮೇಲೆ ವಿದ್ಯುತ್ ತಂತಿ ಇದೆಯೇ ಎಂದು ತಲೆಯೆತ್ತಿ ನೋಡುತ್ತಾನೆ, ಪಕ್ಕದಲ್ಲಿ ಯಾರನ್ನೂ ನಿಲ್ಲಗೊಡುವುದಿಲ್ಲ. ಸಿಕ್ಕಿಕೊಂಡ ಚಕ್ಕೆಯನ್ನು ಎಳೆಯಲು ಎತ್ತಿದ ತೊಟ್ಟಿಯ ಹಿಂದೆ ಹೋಗುವ ಆತುರಗಾರರೂ ಉಂಟು. ಬಿದ್ದರೆ ಆ ರಾಶಿ ಮನುಷ್ಯನನ್ನು ಹೂತುಬಿಡಬಲ್ಲದು.

ಚೌಕಟ್ಟು ಕಟ್ಟುವ ಕಮ್ಮಾರನು ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗುತ್ತದೆ. ದಪ್ಪ ತಗಡಿನ ಗೋಡೆಯ ಭಾರ ಹೊರೆಯ ಪಾಲನ್ನು ತಿನ್ನುತ್ತದೆ, ಜಾಲರಿ ಹಗುರ. ತುಂಬಿದ ಚಕ್ಕೆ ಪಕ್ಕಗಳನ್ನು ಹೊರಕ್ಕೆ ಒತ್ತುವುದರಿಂದ ಮೇಲ್ಭಾಗದಲ್ಲಿ ಎರಡು ಪಕ್ಕಗಳನ್ನೂ ಕೂಡಿಸುವ ಅಡ್ಡಪಟ್ಟಿ ಬೇಕು. ಹಿಂದಿನ ಬಾಗಿಲಿಗೆ ತಿರುಗಣೆ ಮೇಲಿರಬೇಕು; ತೊಟ್ಟಿ ಎತ್ತಿದಾಗ ಅದು ಹೊರಕ್ಕೆ ತೂಗಿ ದಾರಿ ಬಿಡುತ್ತದೆ. ಚೌಕಟ್ಟನ್ನು ತೊಟ್ಟಿಗೆ ಬೆಸೆದುಬಿಡುವುದಕ್ಕಿಂತ, ಹಳೆಯ ಗಾಡಿಯ ಗೂಟಗಳಂತೆ ಕುಳಿಗಳಲ್ಲಿ ನಿಲ್ಲಿಸಿ ಬೋಲ್ಟಿನಿಂದ ಬಿಗಿಯುವುದು ಲೇಸು. ಗೊಬ್ಬರ ಹೊಡೆಯುವ ಕಾಲ ಬಂದಾಗ ಇಬ್ಬರು ಸೇರಿ ಅದನ್ನು ಕಳಚಿ ಕೊಟ್ಟಿಗೆಯ ಗೋಡೆಗೆ ಒರಗಿಸಿಡುತ್ತಾರೆ. ಗಾಡಿ ಮತ್ತೆ ತನ್ನ ತಗ್ಗಿನ ಹಲಗೆಗಳೊಂದಿಗೆ ಹೊಲಕ್ಕೆ ಹೊರಡುತ್ತದೆ.