ಇದು ಯಾವ ಪಿಕ್ಚರಿನ ಹಾಡು?

ಇಂಪಾದ ಹಾಡೊಂದು ಕಿವಿಗೆ ಬಿದ್ದೊಡನೆ ನಮ್ಮವರ ಬಾಯಿಂದ ಹೊರಡುವ ಮೊದಲನೆಯ ಪ್ರಶ್ನೆ "ಇದು ಯಾವ ಪಿಕ್ಚರಿನದು?" ಎಂಬುದು. ಗಲ್ಲಾದ ಮುಂದೆ ನಿಂತು ಬಿಲ್ಲಿನ ಹಣ ತೆರುವ ಗಿರಾಕಿಯೂ ಅದನ್ನೇ ಕೇಳುವನು, ಮೇಜು ಒರೆಸುವ ಮಾಣಿಯೂ ಅದನ್ನೇ ಕೇಳುವನು, ಲೋಕಲ್ ಗಾಡಿಯಲ್ಲಿ ಜೋತಾಡುತ್ತ ಆಫೀಸಿಗೆ ಹೋಗುವ ಗುಮಾಸ್ತನೂ ಅದನ್ನೇ ಕೇಳುವನು. ಹಾಡೆಂದ ಮೇಲೆ ಅದಕ್ಕೊಂದು ಚಿತ್ರ ಇರಲೇಬೇಕೆಂಬುದು ನಮ್ಮ ನಂಬಿಕೆ. "ಯಾವ ಪಿಕ್ಚರಿನದೂ ಅಲ್ಲ" ಎಂಬ ಉತ್ತರ ಬಂದರೆ, ಕೇಳಿದವನಿಗೆ ವಿಳಾಸವಿಲ್ಲದ ಕಾಗದ ಕೈಗೆ ಬಂದಂತೆ ತುಸು ಗಲಿಬಿಲಿಯಾಗುವುದುಂಟು.

ಈ ಪ್ರಶ್ನೆಯನ್ನು ಅಜ್ಞಾನವೆಂದು ನಗುವಂತಿಲ್ಲ. ಚಿತ್ರಕ್ಕೆ ಸೇರದ ಹಾಡೂ ಚಿತ್ರಗೀತೆಯಂತೆಯೇ ಕೇಳಿಸುವುದಕ್ಕೆ ಬಲವಾದ ಕಾರಣಗಳಿವೆ. ಹಳೆಯ ಗ್ರಾಮಾಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಗಾಯನಕ್ಕೆ ಮಾತ್ರ ಎಡೆಯಿತ್ತು. ಚಿತ್ರದ ಹಾಡಾಗಲಿ, ಖಾಸಗಿ ಹಾಡಾಗಲಿ, ಆ ಮೂರು ನಿಮಿಷದಲ್ಲಿಯೇ ಪಲ್ಲವಿ, ನಡುವಣ ವಾದ್ಯಸಂಗೀತ, ಚರಣಗಳೆಲ್ಲವೂ ಮುಗಿಯಬೇಕು. ಹೀಗೆ ಎರಡಕ್ಕೂ ಒಂದೇ ಅಚ್ಚು ಒದಗಿತು. ಹಾಡಿದ ಕಂಠಗಳೂ ಅನೇಕ ವೇಳೆ ಒಂದೇ ಆಗಿದ್ದವು. ನುಡಿಸಿದವರೂ ಬಹುಮಟ್ಟಿಗೆ ಅವರೇ. ಮುಂಬಯಿಯ ಚಿತ್ರಸಂಗೀತಕ್ಕೆ ಪಿಟೀಲುಗಳ ಆ ತುಂಬುನಾದವನ್ನು ತಂದವರಲ್ಲಿ ಗೋವೆಯಿಂದ ಹೊಟ್ಟೆಪಾಡಿಗೆಂದು ಬಂದ ವಾದಕರ ಪಾಲು ದೊಡ್ಡದು. ಶಂಕರ್-ಜೈಕಿಷನ್ ಜೋಡಿಗೆ ವಾದ್ಯಸಂಯೋಜನೆ ಮಾಡಿಕೊಡುತ್ತಿದ್ದ ಸೆಬಾಸ್ಟಿಯನ್ ಡಿಸೋಜ ಅಂಥವರಲ್ಲೊಬ್ಬರು. ಊರು ಬಿಟ್ಟು ಬಂದು ಈ ಮಹಾನಗರದಲ್ಲಿ ದುಡಿದ ಅವರ ಹೆಸರನ್ನು ಕೇಳಿದವರು ಕೆಲವರು. ಅವರ ನಾದವನ್ನು ಕೇಳಿದವರು ಕೋಟಿಗಟ್ಟಲೆ.

ಒಂದೆರಡು ನಿದರ್ಶನಗಳನ್ನು ನೋಡೋಣ. ತಲತ್ ಮಹಮೂದರಿಗೆ ದೇಶಾದ್ಯಂತ ಹೆಸರು ತಂದ 'ತಸ್ವೀರ್ ತೇರೀ' ಗೀತೆ ೧೯೪೪ರದು. ಕಲ್ಕತ್ತೆಯಲ್ಲಿ ಕಮಲ್ ದಾಸ್‌ಗುಪ್ತ ಸ್ವರ ಹಾಕಿದ್ದು, ಬರೆದವರು ಫೈಯಾಜ್ ಹಾಶ್ಮಿ. ಅದು ಯಾವ ಚಿತ್ರಕ್ಕಾಗಿಯೂ ಹುಟ್ಟಿದ್ದಲ್ಲ. ಅವರು ಮುಂಬಯಿಗೆ ಬಂದು ಚಿತ್ರರಂಗದಲ್ಲಿ ನೆಲೆಯೂರಿದ್ದು ಕೆಲವು ವರ್ಷಗಳ ಮೇಲೆ. ಅಂದರೆ ಇಲ್ಲಿ ಚಿತ್ರದಿಂದ ಹಾಡಿಗೆ ಕೀರ್ತಿ ಬರಲಿಲ್ಲ. ಹಾಡಿನಿಂದ ಗಾಯಕನಿಗೆ ಚಿತ್ರದ ಬಾಗಿಲು ತೆರೆಯಿತು. ಇನ್ನೊಂದು, ಸ್ವಾತಂತ್ರ್ಯ ದಿನದಂದು ಬೀದಿಬೀದಿಯ ಧ್ವನಿವರ್ಧಕಗಳಲ್ಲಿ ಮೊಳಗುವ 'ಏ ಮೇರೇ ವತನ್ ಕೇ ಲೋಗೋ'. ೧೯೬೨ರ ಚೀನಾ ಯುದ್ಧದಲ್ಲಿ ಮಡಿದ ಯೋಧರಿಗಾಗಿ ಕವಿ ಪ್ರದೀಪ್ ಬರೆದ ಆ ಗೀತೆಗೆ ಸಿ. ರಾಮಚಂದ್ರ ಸ್ವರ ಹಾಕಿದರು. ೧೯೬೩ರ ಜನವರಿ ೨೭ರಂದು ದಿಲ್ಲಿಯಲ್ಲಿ, ಪ್ರಧಾನಿ ನೆಹರೂ ಅವರ ಸಮ್ಮುಖದಲ್ಲಿ ಲತಾ ಮಂಗೇಶ್ಕರ್ ಹಾಡಿದರು. ಬರೆದವರು, ಸ್ವರ ಹಾಕಿದವರು, ಹಾಡಿದವರು ಮೂವರೂ ಚಿತ್ರರಂಗದವರು. ಗೀತೆ ಮಾತ್ರ ಚಿತ್ರದ್ದಲ್ಲ. ಅದನ್ನು ಯಾವುದೋ ದೇಶಭಕ್ತಿಯ ಚಿತ್ರದ್ದೆಂದು ತಿಳಿದವರು ಇಂದಿಗೂ ಇದ್ದಾರೆ.

ಚಿತ್ರವಿಲ್ಲದ ಹಾಡನ್ನು ಜನಪ್ರಿಯಗೊಳಿಸಲು ಸರಕಾರವೇ ಸೊಂಟ ಕಟ್ಟಿ ನಿಂತ ಕಾಲವೂ ಒಂದಿತ್ತು. ೧೯೫೨ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಗಳಾದ ಬಿ. ವಿ. ಕೇಸ್ಕರರಿಗೆ ಚಿತ್ರಗೀತೆಗಳೆಂದರೆ ಆಗದು. ಆಕಾಶವಾಣಿಯಲ್ಲಿ ಅವುಗಳಿಗೆ ಕಡಿವಾಣ ಬಿದ್ದಿತು. ಅವುಗಳ ಸ್ಥಾನವನ್ನು ತುಂಬಲು ನಿಲಯಗಳಲ್ಲಿಯೇ ಲಘುಸಂಗೀತದ ಘಟಕಗಳು ಏರ್ಪಟ್ಟವು. ಕೇಳುಗರೇನು ಮಾಡಿದರು? ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಬಿನಾಕಾ ಗೀತಮಾಲೆ ಮನೆಮಾತಾದದ್ದು ಆಗಲೇ. ಕೊನೆಗೆ ೧೯೫೭ರ ಅಕ್ಟೋಬರ್ ೩ರಂದು ವಿವಿಧ ಭಾರತಿಯನ್ನು ಆರಂಭಿಸಿ ಚಿತ್ರಗೀತೆಗಳನ್ನು ಮರಳಿ ಕರೆತರಬೇಕಾಯಿತು. ಗಿರಾಕಿ ಮಸಾಲೆದೋಸೆ ಕೇಳಿದಾಗ "ಇಂದು ಗಂಜಿಯೇ ಆರೋಗ್ಯಕ್ಕೆ ಹಿತ" ಎಂದು ಬಡಿಸಿದರೆ ಅವನು ಎದುರಿನ ಹೋಟೆಲಿಗೆ ಹೋಗುವನೇ ಹೊರತು ಗಂಜಿ ಕುಡಿಯಲಾರನು. ಆದರೂ ಆ ಪ್ರಯತ್ನವೆಲ್ಲ ನೀರಿನಲ್ಲಿ ಹೋಮವಾಯಿತೆನ್ನಲಾಗದು. ಕವಿಗಳ ಗೀತೆಗಳಿಗೆ ಆಕಾಶವಾಣಿಯಲ್ಲೊಂದು ನೆಲೆ ಉಳಿಯಿತು.

ಅಪ್ಪಣೆಯಿಂದ ಆಗದ ಕೆಲಸವನ್ನು ಕುಶಲತೆಯಿಂದ ಮಾಡಿದವರಲ್ಲಿ ನಮ್ಮ ನಾಡಿನವರೊಬ್ಬರಿದ್ದಾರೆ. ಕೊಡವ ಮನೆತನದ ಬಿದ್ದು ಅಪ್ಪಯ್ಯನವರು ಬೆಂಗಳೂರಿನಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲಿ ವಾದ್ಯತಂಡ ಕಟ್ಟಿ ಹಾಡಿದ ಅವರು ಅರುವತ್ತರ ದಶಕದಲ್ಲಿ ಇಂಗ್ಲೆಂಡಿಗೆ ತೆರಳಿದರು. ೧೯೭೪ರಲ್ಲಿ ಕಾರ್ಲ್ ಡಗ್ಲಸ್ ಎಂಬ ಗಾಯಕನಿಂದ ಅವರು ಹಾಡಿಸಿದ 'ಕುಂಗ್ ಫೂ ಫೈಟಿಂಗ್' ಇಂಗ್ಲೆಂಡ್, ಅಮೆರಿಕಗಳೆರಡರಲ್ಲಿಯೂ ಮೊದಲ ಸ್ಥಾನಕ್ಕೇರಿತು. ತಟ್ಟೆಯ ಹಿಂಬದಿಗೆಂದು ಸಿದ್ಧವಾದ ಹಾಡು ಅದು!

ಬೆಂಗಳೂರಿನಲ್ಲಿಯೇ ಹುಟ್ಟಿದ ಇನ್ನೊಬ್ಬರು, ನಟ-ನಿರ್ಮಾಪಕ ಫಿರೋಜ್ ಖಾನ್, ತಮ್ಮ 'ಕುರ್ಬಾನಿ' ಚಿತ್ರಕ್ಕೆ ಬಿದ್ದು ಅವರಿಂದ ಒಂದು ಹಾಡು ಬೇಡಿದರು. ಚಿತ್ರದ ಉಳಿದ ಸಂಗೀತ ಕಲ್ಯಾಣಜಿ-ಆನಂದಜಿಯವರದು. ಲಂಡನ್ನಿನಲ್ಲಿ ಶಾಲೆ ಕಲಿಯುತ್ತಿದ್ದ ಪಾಕಿಸ್ತಾನದ ಬಾಲೆ ನಾಜಿಯಾ ಹಸನ್ ಹಾಡಿದ 'ಆಪ್ ಜೈಸಾ ಕೋಯೀ' ೧೯೮೦ರಲ್ಲಿ ದೇಶವನ್ನೇ ಕುಣಿಸಿತು. ಹದಿನೈದರ ಹುಡುಗಿಗೆ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂದಿತು. ಅದು ಚಿತ್ರದೊಳಗಿದ್ದೂ ಹೊರಗಿನಂತೆ ಕೇಳಿಸುವ ಹಾಡು. ಮರುವರ್ಷ, ೧೯೮೧ರಲ್ಲಿ, ಅದೇ ಬಿದ್ದು, ಅದೇ ನಾಜಿಯಾ 'ಡಿಸ್ಕೋ ದೀವಾನೆ' ಹೊರತಂದರು. ಇದರ ಹಿಂದೆ ಯಾವ ಚಿತ್ರವೂ ಇಲ್ಲ, ನಾಯಕ-ನಾಯಕಿಯರೂ ಇಲ್ಲ, ಆದರೂ ಕೇಳಿದವರು "ಯಾವ ಪಿಕ್ಚರಿನದು?" ಎಂದೇ ಕೇಳಿದರು. ಮೂವತ್ತೊಂದು ವರ್ಷಗಳ ಮೇಲೆ, ೨೦೧೨ರಲ್ಲಿ, 'ಸ್ಟೂಡೆಂಟ್ ಆಫ್ ದಿ ಇಯರ್' ಎಂಬ ಚಿತ್ರ ಆ ಹಾಡನ್ನು ಹೊಸ ರೂಪದಲ್ಲಿ ಎತ್ತಿಕೊಂಡಿತು. ಆ ವೇಳೆಗೆ ನಾಜಿಯಾ ಬದುಕಿರಲಿಲ್ಲ. ೨೦೦೦ದಲ್ಲಿ, ಮೂವತ್ತೈದರ ಪ್ರಾಯದಲ್ಲಿಯೇ ಆಕೆ ತೀರಿಕೊಂಡಿದ್ದರು. ಇಂದಿನ ತರುಣರಲ್ಲಿ ಅನೇಕರು ಅದನ್ನು ಆ ಚಿತ್ರದ ಹಾಡೆಂದೇ ಅರಿತಿದ್ದಾರೆ.

೧೯೯೫ರಲ್ಲಿ ಬಿದ್ದು ಅವರೇ ಅಲೀಶಾ ಚಿನಾಯ್ ಅವರಿಂದ 'ಮೇಡ್ ಇನ್ ಇಂಡಿಯಾ' ಹಾಡಿಸಿದರು. ಈ ಬಾರಿ ಹಾಡು ತನ್ನ ಚಿತ್ರವನ್ನು ತಾನೇ ಕಟ್ಟಿಕೊಂಡಿತು. ರಾಣಿಯೊಬ್ಬಳು ವರನನ್ನು ಆರಿಸುವ ಕಿರುಕಥೆಯನ್ನು ಚಿತ್ರಿಸಿ ದೂರದರ್ಶನದ ಹೊಸ ವಾಹಿನಿಗಳಲ್ಲಿ ಮತ್ತೆ ಮತ್ತೆ ತೋರಿಸಲಾಯಿತು. ಚಿತ್ರಗೀತೆಯ ಬಲವಿರುವುದು ಕೇವಲ ಸ್ವರದಲ್ಲಲ್ಲ, ಪರದೆಯ ಮೇಲಣ ಮುಖದಲ್ಲಿ, ಗೋಡೆಯ ಭಿತ್ತಿಪತ್ರದಲ್ಲಿ, ದಿನಕ್ಕೆ ನಾಲ್ಕು ಆಟಗಳಲ್ಲಿ ಎಂಬುದನ್ನು ಬಿದ್ದು ಚೆನ್ನಾಗಿ ಅರಿತಿದ್ದರು.

ಇನ್ನು ನಮ್ಮ ಮನೆಯ ವಿಚಾರ. ಕನ್ನಡದಲ್ಲಿ ಚಿತ್ರವಿಲ್ಲದ ಹಾಡು ಭಿತ್ತಿಪತ್ರವನ್ನು ನೆಚ್ಚಿ ಬದುಕಲಿಲ್ಲ, ಕವಿಯನ್ನು ನೆಚ್ಚಿ ಬದುಕಿತು. ಭೂವಿಜ್ಞಾನದ ಅಧ್ಯಾಪಕರಾಗಿದ್ದ ಕೆ. ಎಸ್. ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿ ೧೯೭೮ರಲ್ಲಿ ಹೊರಬಂದ 'ನಿತ್ಯೋತ್ಸವ' ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಹೆಸರಾಯಿತು. ಅದರ ಶೀರ್ಷಿಕೆಗೀತೆ ಇಲ್ಲದೆ ಹೊರನಾಡಿನ ಕನ್ನಡ ಸಂಘಗಳ ರಾಜ್ಯೋತ್ಸವ ಪೂರ್ಣವಾಗುವುದು ಅಪರೂಪ. ಯಾವ ನಟನೂ ತೆರೆಯ ಮೇಲೆ ಬಾಯಿ ಆಡಿಸದ ಆ ಹಾಡಿನಲ್ಲಿ ಕಾಣುವುದು ನಮ್ಮ ನಮ್ಮ ಊರು. ಘಟ್ಟದ ಕೆಳಗಿನವನಿಗೆ ಅವನ ಹೊಳೆ, ಬಯಲುಸೀಮೆಯವನಿಗೆ ಅವನ ಹೊಲ. ಚಿತ್ರದ ಹಾಡು ತಾನು ತೋರಿಸಿದ್ದನ್ನು ನೆನಪಿಗೆ ತರುವುದು. ಚಿತ್ರವಿಲ್ಲದ ಹಾಡು ನಾವು ಬಿಟ್ಟುಬಂದದ್ದನ್ನು ನೆನಪಿಗೆ ತರುವುದು.

ಚಿತ್ರರಂಗವೂ ಈ ಕಣಜದಿಂದ ಕಾಳು ಪಡೆದಿದೆ. ೧೯೬೭ರ 'ಬೆಳ್ಳಿಮೋಡ'ದಲ್ಲಿ ಬೇಂದ್ರೆಯವರ ಕವನ ಹಾಡಾಯಿತು. ೧೯೪೨ರಲ್ಲಿ ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' ಸುಮಾರು ಐವತ್ತು ವರ್ಷಗಳ ಮೇಲೆ ಸಿ. ಅಶ್ವಥ್ ಅವರ ಸಂಗೀತದೊಡನೆ ಚಿತ್ರವೇ ಆಯಿತು. ಚಂದ್ರಶೇಖರ ಕಂಬಾರರ 'ಕಾಡು ಕುದುರೆ'ಯ ಶೀರ್ಷಿಕೆಗೀತೆ ಹಾಡಿ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲಿಗೆ ತಂದ ಶಿವಮೊಗ್ಗ ಸುಬ್ಬಣ್ಣನವರು ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ಸುಗಮ ಸಂಗೀತಗಾರರು.

ಗೊಂದಲಗಳೂ ಇಲ್ಲದಿಲ್ಲ. ರಾಜಕುಮಾರರು ರಾಘವೇಂದ್ರಸ್ವಾಮಿಗಳ ಮೇಲೆ ಹಾಡಿದ ಭಕ್ತಿಗೀತೆ ಕೇಳಿದೊಡನೆ "ಮಂತ್ರಾಲಯ ಮಹಾತ್ಮೆಯದು" ಎನ್ನುವವರುಂಟು. ೧೯೬೬ರ ಆ ಚಿತ್ರದಲ್ಲಿ ರಾಜಕುಮಾರರಿಗೆ ಕಂಠದಾನ ಮಾಡಿದವರು ಪಿ. ಬಿ. ಶ್ರೀನಿವಾಸ್. ರಾಜಕುಮಾರರು ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾದದ್ದು ೧೯೭೪ರ 'ಸಂಪತ್ತಿಗೆ ಸವಾಲ್'ನ ಅನಂತರ. ಆದುದರಿಂದ ಕೇಳುತ್ತಿರುವುದು ರಾಜಕುಮಾರರ ಸ್ವಂತ ಕಂಠವಾದರೆ ಅದು ಆ ಚಿತ್ರದ್ದಲ್ಲವೆಂದು ನಿಶ್ಚಿಂತೆಯಿಂದ ಹೇಳಬಹುದು.

"ಯಾವುದರದಾದರೇನು? ಹಾಡು ಚೆನ್ನಾಗಿದ್ದರೆ ಸಾಲದೆ?" ಎಂದು ವಾಚಕರು ಕೇಳಬಹುದು. ಕಿವಿಗೆ ಸಾಕು, ಹೊಟ್ಟೆಗೆ ಸಾಲದು. ಹಾಡಿನ ಹೆಸರಿಗೂ ಬರೆದವನ ಅನ್ನಕ್ಕೂ ನಂಟಿದೆ. ಹಣ ಪಡೆದು ಚಿತ್ರಕ್ಕಾಗಿ ರಚಿಸಿದ ಗೀತೆಯ ಮೊದಲ ಒಡೆತನ, ಬೇರೆ ಕರಾರು ಇಲ್ಲದಿದ್ದರೆ, ನಿರ್ಮಾಪಕನದೇ ಎಂದು ಸರ್ವೋಚ್ಚ ನ್ಯಾಯಾಲಯ ೧೯೭೭ರಲ್ಲಿ ತೀರ್ಪಿತ್ತಿತು. ಹಾಡು ಮುಂದೆ ಎಷ್ಟು ಕಾಲ ದುಡಿದರೂ ಬರೆದವನಿಗೆ ಮೊದಲು ಕೊಟ್ಟದ್ದಷ್ಟೇ ಗತಿಯೆಂಬ ಸ್ಥಿತಿ ಬಹುಮಂದಿಯದಾಯಿತು. ಜಾವೇದ್ ಅಖ್ತರರೇ ಮೊದಲಾದವರ ಹೋರಾಟದ ಫಲವಾಗಿ ೨೦೧೨ರಲ್ಲಿ ಕಾಪಿರೈಟ್ ಕಾಯಿದೆಗೆ ತಿದ್ದುಪಡಿ ಬಂದಿತು. ಈಗ ಚಿತ್ರಮಂದಿರದಲ್ಲಿ ಚಿತ್ರದೊಡನೆ ತೋರಿಸುವುದನ್ನು ಬಿಟ್ಟು ಉಳಿದ ಬಳಕೆಗಳಿಂದ ಬರುವ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಗೀತಕಾರನಾಗಲಿ ಸಂಗೀತಕಾರನಾಗಲಿ ನಿರ್ಮಾಪಕನಿಗೆ ಬರೆದುಕೊಡುವಂತಿಲ್ಲ. ಹೋಟೆಲಿನಲ್ಲಿ ಗಿರಾಕಿಗಳಿಗಾಗಿ ಹಾಡು ಹಾಕುವ ಮಾಲೀಕರು ತೆರುವ ಲೈಸೆನ್ಸ್ ಶುಲ್ಕದ ಹಿಂದಿರುವುದೂ ಇಂಥ ಹಕ್ಕುಗಳೇ. ಆ ಶುಲ್ಕ ಹೊರೆಯೆನಿಸುವುದು ಸಹಜ. ಆದರೆ ರುಬ್ಬಿದವನಿಗೆ ಸಂಬಳವಿಲ್ಲದೆ ಬಡಿಸಿದವನಿಗಷ್ಟೇ ಇನಾಮು ದೊರೆಯುವುದು ಅನ್ಯಾಯವೆಂದು ಅಡಿಗೆಮನೆಯನ್ನು ಬಲ್ಲ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇಂದು ಹಾಡುಗಳೆಲ್ಲ ಅಂಗೈಯ ಫೋನಿನಲ್ಲಿವೆ. ಅಲ್ಲಿಯೂ ಮೊದಲು ಕಣ್ಣಿಗೆ ಬೀಳುವುದು ಚಿತ್ರದ ಭಿತ್ತಿಪತ್ರ ಇಲ್ಲವೆ ಗಾಯಕರ ಮುಖ. ಕವಿಯ ಹೆಸರಿಗೆ ಇನ್ನೂ ಒಂದೆರಡು ಸಲ ಬೆರಳೊತ್ತಿ ಹುಡುಕಬೇಕು. ಭಾವಗೀತೆಗಳ ವಿಷಯದಲ್ಲಿ ಈ ಮರೆವು ಇನ್ನಷ್ಟು ಹಾನಿಕರ. ಚಿತ್ರಗೀತೆಗೆ ಚಿತ್ರದ ಹೆಸರಾದರೂ ಆಸರೆಯಾಗಿ ಉಳಿಯುವುದು. ಚಿತ್ರವಿಲ್ಲದ ಹಾಡಿಗೆ ಕವಿಯ ಹೆಸರೂ ತಪ್ಪಿದರೆ ಅದು ಕೇವಲ ಯಾರೋ ಹಾಡಿದ ಯಾವುದೋ ಹಾಡಾಗುವುದು.

ಚಿತ್ರಗೀತೆಗಳನ್ನು ಬಿಡಿರೆಂದು ಈ ಲೇಖನದ ಆಶಯವಲ್ಲ. ದಿನವಿಡೀ ನಿಂತು ದುಡಿದು ರಾತ್ರಿ ಚಾಪೆ ಹಾಸುವವನಿಗೆ ಅವುಗಳಷ್ಟು ಸುಲಭವಾಗಿ ಸಮಾಧಾನ ಕೊಡುವುದು ಬೇರಿಲ್ಲ. ಹಾಡು ಹಿಡಿಸಿದಾಗ "ಯಾವ ಪಿಕ್ಚರಿನದು?" ಎಂಬುದರ ಜೊತೆಗೆ "ಬರೆದವರು ಯಾರು? ಸ್ವರ ಹಾಕಿದವರು ಯಾರು?" ಎಂದೂ ಕೇಳುವ ಅಭ್ಯಾಸ ಮಾಡೋಣ. ಮುಂದಿನ ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡುವ ತರುಣ ತರುಣಿಯರು ಪಲ್ಲವಿ ಎತ್ತುವ ಮೊದಲು ಕವಿಯ ಹೆಸರನ್ನೂ ಸ್ವರಸಂಯೋಜಕರ ಹೆಸರನ್ನೂ ಸ್ಪಷ್ಟವಾಗಿ ಹೇಳಲಿ. ಸಂಘದ ಕಾರ್ಯದರ್ಶಿಗಳು ಅದನ್ನು ಕಾರ್ಯಕ್ರಮ ಪತ್ರಿಕೆಯಲ್ಲಿಯೂ ಅಚ್ಚು ಹಾಕಿಸಲಿ. ಇದಕ್ಕೆ ಒಂದು ಕಾಸೂ ಖರ್ಚಾಗದು.